ನೊಣಕ್ಕೆ ಜಗ್ಗದ ದನ, ನಿದ್ದೆಗೆ ಬಿದ್ದ ಗಂಡ

ನನ್ನ ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳುವುದಿಲ್ಲ. ದನ ಕಾಯುವ ನಮ್ಮ ಫುಲಾನಿ ಜನರಲ್ಲಿ ಮಾನವಂತ ಹೆಂಗಸು ಹೇಳುವುದಿಲ್ಲ. ಮುಂದೆ ಅವರ ಅಣ್ಣ ಕೂಗುತ್ತಾನೆ, ಊರವರು ಬೈಯುತ್ತಾರೆ, ಆಗ ನಿಮಗೇ ಗೊತ್ತಾಗುತ್ತದೆ. ನನಗೆ ಅವರು ನಮ್ಮವರು, ಅಷ್ಟೇ. ನನ್ನ ಹೆಸರು ದಲಂದ. ಅದನ್ನು ಹೇಳಿಕೊಳ್ಳಲು ಅಡ್ಡಿಯಿಲ್ಲ, ಕರೆಯುವವರು ಮಾತ್ರ ಕಡಿಮೆ.

ನಮ್ಮವರ ಬದುಕನ್ನು ಹೇಳಲು ಕೂತರೆ ಒಂದು ಲೋಟ ಚಹಾ ಆರುವುದರೊಳಗೆ ಮುಗಿದುಹೋಗುತ್ತದೆ. ಫೂಟಾ ಗುಡ್ಡದ ಮೇಲೆ ಹುಟ್ಟಿದರು. ಕಾಲು ಬಂದ ಮೇಲೆ ಕರುಗಳ ಹಿಂದೆ ನಡೆದರು, ಮೀಸೆ ಬಂದ ಮೇಲೆ ದನಗಳ ಹಿಂದೆ ನಡೆದರು. ಗುಡ್ಡದಲ್ಲಿ ಮೇವು ಸಾಲದ ಒಂದು ಬೇಸಿಗೆಯಲ್ಲಿ ಅಣ್ಣ ಲಮರಾನನ ಜೊತೆ ದನ ಹೊಡೆದುಕೊಂಡು ಈ ಕರಾವಳಿಗೆ ಇಳಿದರು. ಇಲ್ಲಿ ಸುಸು ಜನರ ಭತ್ತದ ಗದ್ದೆ, ಗದ್ದೆಯಾಚೆ ಕಾಂಡ್ಲಾ ಕಾಡು, ಕಾಡಿನಾಚೆ ಉಪ್ಪುನೀರು. ನಡುವೆ ಒಂದು ದಿಬ್ಬ, ದಿಬ್ಬದ ಮೇಲೆ ಅಣ್ಣತಮ್ಮಂದಿರ ಎರಡು ದುಂಡು ಗುಡಿಸಲು. ಒಂದು ಬೇಸಿಗೆಯ ಮಟ್ಟಿಗೆ ಎಂದು ನನ್ನನ್ನು ಕರೆತಂದರು. ನಮ್ಮ ಮಗಳು ಇಲ್ಲೇ ಹುಟ್ಟಿ, ಬೆಳೆದು, ಗುಡ್ಡದ ಊರಿಗೇ ಸೊಸೆಯಾಗಿ ಹೋದಳು. ನಾವು ಇಲ್ಲೇ ಉಳಿದೆವು.

ನಮ್ಮ ದನಗಳನ್ನು ಮೊದಲ ಸಲ ನೋಡಿದವರು ಮೂಗು ಮುರಿಯುತ್ತಾರೆ. ನನ್ನ ಸೊಂಟಕ್ಕಿಂತ ಸ್ವಲ್ಪ ಎತ್ತರ, ಒಣಹುಲ್ಲಿನ ಬಣ್ಣ, ಗಿಡ್ಡ ಕಾಲು, ಡುಬ್ಬವಿಲ್ಲದ ನೇರ ಬೆನ್ನು. ಕೊಂಬು ಮಾತ್ರ ದೊಡ್ಡದು, ದುವಾ ಕೇಳಲು ಎತ್ತಿದ ಕೈಗಳ ಹಾಗೆ ಮೇಲೆದ್ದಿರುತ್ತದೆ. ಪಟ್ಟಣದವರು ಇವನ್ನು ಎನ್‌ದಾಮ ತಳಿ ಎನ್ನುತ್ತಾರೆ, ನಮಗೆ ದನ ಎಂದರೆ ಇದೇ. ಹಾಲು ಕರೆಯುವುದು ನನ್ನ ಕೆಲಸ. ಕರು ಕುಡಿದು ಬಿಟ್ಟದ್ದನ್ನು ಕರೆದರೆ ಸೋರೆಬುರುಡೆಯ ತಳ ಮುಚ್ಚುತ್ತದೆ. ಅಷ್ಟಕ್ಕೇ ಎಷ್ಟು ಪುಸಲಾಯಿಸಬೇಕು! ಗುರುತಿಲ್ಲದವರು ಹತ್ತಿರ ಬಂದರೆ ತಲೆ ತಗ್ಗಿಸಿ ಗುರಾಯಿಸುತ್ತವೆ. ಕರು ಹಾಕಿದ ಹೊಸದರಲ್ಲಿ ನನ್ನನ್ನೂ ಒದೆಯುತ್ತವೆ. ಹಾಲಿಲ್ಲ, ಎತ್ತರವಿಲ್ಲ, ಒಳ್ಳೆಯ ಗುಣವೂ ಇಲ್ಲ. ಮತ್ತೇಕೆ ಸಾಕುತ್ತೀರಿ ಎಂದರೆ, ಸುಮ್ಮಸುಮ್ಮನೆ ಸಾಯುವುದಿಲ್ಲ, ಅದಕ್ಕೆ.

ಕಾಂಡ್ಲಾ ಕಾಡಿನಲ್ಲಿ ಒಂದು ಕಂದು ನೊಣವಿದೆ. ಕೂತರೆ ರೆಕ್ಕೆಯ ಮೇಲೆ ರೆಕ್ಕೆ ಮಡಚಿ ಸಾಧುವಿನಂತೆ ಕೂರುತ್ತದೆ. ಕಚ್ಚಿದರೆ ದನದ ರಕ್ತಕ್ಕೆ ಹುಳ ಬಿಡುತ್ತದೆ. ಬೇರೆ ಊರಿನ ದನ ಇಲ್ಲಿ ಒಂದು ಮಳೆಗಾಲ ಕಳೆಯುವುದಿಲ್ಲ. ಲಮರಾನನಿಗೆ ಒಮ್ಮೆ ಆಸೆ ಹುಟ್ಟಿತು. ಬಡಗಣ ಸೀಮೆಯ ಲಾರಿಯವರಿಗೆ ನಮ್ಮ ಎರಡು ಹಸು ಕೊಟ್ಟು ಒಂದು ಬಿಳಿ ಡುಬ್ಬದ ಹೋರಿ ತಂದ. ಅಬ್ಬಾ, ಏನು ಗಾತ್ರ! ನಮ್ಮ ಹಸುಗಳು ಅದರ ಹೊಟ್ಟೆಯಡಿ ನುಸುಳಿ ಹೋಗಬಹುದಿತ್ತು. ಸುಸು ಜನ ಗದ್ದೆ ಕೆಲಸ ಬಿಟ್ಟು ಬಂದು ನೋಡಿದರು. ಲಮರಾನ ಹೊಸ ಅಂಗಿ ಹಾಕಿಕೊಂಡು ಅದರ ಪಕ್ಕ ನಿಂತ. ಮಳೆ ಹಿಡಿಯುವುದರೊಳಗೆ ಹೋರಿಯ ಕೂದಲು ನೆಟ್ಟಗಾಯಿತು, ಕಣ್ಣಲ್ಲಿ ನೀರು ಸುರಿಯಿತು, ಡುಬ್ಬ ಒಂದು ಕಡೆಗೆ ಜೋತುಬಿತ್ತು. ಒಂದು ಬೆಳಿಗ್ಗೆ ಬೇಲಿಗೆ ಒರಗಿಕೊಂಡೇ ಸತ್ತಿತ್ತು. ಪಕ್ಕದಲ್ಲಿ ನಮ್ಮ ಮುದಿ ಹಸು ವುನೆ ಮೆಲುಕು ಹಾಕುತ್ತಿತ್ತು.

“ನೋಡಿದ್ಯಾ?” ಎಂದರು ನಮ್ಮವರು ನನಗೆ. ಅಣ್ಣನ ಎದುರಿಗೆ ಹೇಳುವ ಧೈರ್ಯವಿಲ್ಲ. “ನಮ್ಮವು ತಾಯಿ ಹೊಟ್ಟೇಲೇ ನೊಣದ ವಿಷ ಕುಡ್ಕೊಂಡು ಹುಟ್ಟಿದವು. ನಾವು ಅವುಗಳ ಹಾಲು ಕುಡ್ದು ಬೆಳೆದೋರು. ನೊಣ ನಮಗೇನು ಮಾಡೀತು?”

ಇದು ಅವರೊಬ್ಬರ ಮಾತಲ್ಲ. ಗುಡ್ಡದಿಂದ ಇಳಿದು ಬಂದ ನಮ್ಮ ಜನರೆಲ್ಲ ಹೀಗೇ ನಂಬಿದ್ದರು, ನಾನೂ ನಂಬಿದ್ದೆ.

ಹಾಗೆಂದು ದನದ ಗಟ್ಟಿತನಕ್ಕೆ ಮಿತಿಯಿಲ್ಲ ಎಂದು ಅವರು ತಿಳಿದಿರಲಿಲ್ಲ. ಬಿಳಿ ಹೋರಿ ಹೋದ ಮೇಲೆ ಲಮರಾನ ನಮ್ಮದೇ ಒಂದು ಎತ್ತನ್ನು ಸುಸು ಜನರ ನೇಗಿಲಿಗೆ ಬಾಡಿಗೆಗೆ ಬಿಟ್ಟ. ಹುಲ್ಲಿಲ್ಲದ ಕಾಲ, ಬೆಳಗಿನಿಂದ ಸಂಜೆಯ ತನಕ ಉತ್ತರು. ಅಲ್ಲಿಯ ತನಕ ರಕ್ತದಲ್ಲಿ ತೆಪ್ಪಗೆ ಬಿದ್ದಿದ್ದ ರೋಗ ತಲೆಯೆತ್ತಿತು, ಎತ್ತು ನೆಲ ಹಿಡಿಯಿತು. ನಮ್ಮವರು ಅದನ್ನು ಮಾವಿನ ಮರದಡಿ ಕಟ್ಟಿ, ಕೈಯಾರೆ ಸೊಪ್ಪು ಕೊಯ್ದು ತಿನ್ನಿಸಿ ಎಬ್ಬಿಸಿದರು. “ಗಟ್ಟಿ ದನ ಅಂತ ಗೊತ್ತಾದ್ರೆ ಸಾಕು, ಜನ ಇನ್ನೊಂದು ಹೊರೆ ಹೇರ್ತಾರೆ” ಎಂದು ಗೊಣಗುತ್ತಿದ್ದರು. ಎತ್ತಿನ ಮಾತು ಹೇಳುತ್ತ ನನ್ನ ತಲೆಯ ಮೇಲೆ ಸೌದೆ ಹೊರೆ ಎತ್ತಿಡುತ್ತಿದ್ದರು, ಪಾಪ, ಅವರಿಗೆ ಅದು ತೋಚಲೇ ಇಲ್ಲ.

ಸರಕಾರದವರು ದೋಣಿಯಲ್ಲಿ ಬಂದು ಕಾಂಡ್ಲಾ ಕಾಡಿನ ಅಂಚಿಗೆ ನೀಲಿ ಬಟ್ಟೆಯ ಚೂರುಗಳನ್ನು ಗೂಟಕ್ಕೆ ಕಟ್ಟಿ ಹೋದರು. ನೊಣ ನೀಲಿಗೆ ಮರುಳಾಗಿ ಬಂದು, ಬಟ್ಟೆಗೆ ಹಚ್ಚಿದ ಔಷಧ ತಾಗಿ ಸಾಯುತ್ತದಂತೆ. ನಮ್ಮ ವುನೆ ಮಾರನೆಯ ದಿನವೇ ಒಂದು ಬಟ್ಟೆ ತಿಂದಿತು. ಆರೋಗ್ಯ ಕೇಂದ್ರದ ನರ್ಸ್ ಸೂಮಾ, ಸುಸು ಹೆಂಗಸು, ಗಟ್ಟಿ ಗಂಟಲು, ದಿಬ್ಬ ಹತ್ತಿ ಬಂದು ರೇಗಿದಳು.

“ನಿಮ್ಮ ಹಸು ನಮ್ಮ ಔಷಧಿ ತಿಂದಿದೆ. ಸತ್ರೆ ನನ್ನ ಕೇಳ್ಬೇಡಿ!”

“ನಿಮ್ಮ ಔಷಧಿ ಸತ್ರೆ ನಮ್ಮ ಹಸೂನ ಕೇಳ್ಬೇಡಿ” ಎಂದರು ನಮ್ಮವರು.

ಆಗ ಅವರು ಹಾಗಿದ್ದರು. ಕಡಿಮೆ ಮಾತು, ಆಡಿದ್ದು ನೆಟ್ಟಗೆ. ಸೂಮಾ ನಗು ತಡೆಯಲಾರದೆ, ನಾಳೆ ಎಲ್ಲರ ಬೆರಳು ಚುಚ್ಚಿ ರಕ್ತ ನೋಡುತ್ತೇವೆ, ನೊಣ ಕಚ್ಚಿ ಬರುವ ನಿದ್ದೆರೋಗದ ತಪಾಸಣೆ, ತಪ್ಪಿಸಬೇಡಿ ಎಂದು ಹೇಳಿ ಹೋದಳು. ನಾನು ಹೋಗಿ ಬೆರಳು ಕೊಟ್ಟೆ. ಲಮರಾನನೂ ಹೋದ. ನಮ್ಮವರು ನಸುಕಿನಲ್ಲೇ ದನ ಹೊಡೆದುಕೊಂಡು ಹೋಗಿದ್ದರು. ಮುಂದಿನ ವರ್ಷ ಬಂದಾಗಲೂ ಹಾಗೇ ಮಾಡಿದರು.

ದಣಿವು ಎಂದಿನಿಂದ ಶುರುವಾಯಿತೆಂದು ನನಗೆ ಹೇಳಲು ಬಾರದು. ದನ ಕಾಯುವವನು ದಣಿಯದೆ ಇರುತ್ತಾನೆಯೇ? ಮೊದಲು ತಲೆನೋವೆಂದರು, ಅಲ್ಲ, ಎನ್ನಲಿಲ್ಲ, ಹಣೆಗೆ ಬಟ್ಟೆ ಬಿಗಿದುಕೊಂಡರು. ನೋವು ಹೇಳಿಕೊಳ್ಳುವುದು ನಮ್ಮಲ್ಲಿ ಗಂಡಸಿಗೆ ನಾಚಿಕೆ. ತಾಳಿದವನು ಬಾಳಿಯಾನು ಎಂದು ಹಿರಿಯರು ಹೇಳುತ್ತಾರೆ. ತಾಳಿದವನ ಪಕ್ಕದಲ್ಲಿ ಮಲಗುವವಳ ಗತಿ ಏನೆಂದು ಯಾವ ಹಿರಿಯರೂ ಹೇಳಿಲ್ಲ. ರಾತ್ರಿಯೆಲ್ಲ ಅವರಿಗೆ ನಿದ್ದೆಯಿಲ್ಲ, ಮೈ ಕೆರೆದುಕೊಂಡು ಅಂಗಳ ಸುತ್ತುತ್ತಿದ್ದರು. ಹಗಲಾದರೆ ಕೂತಲ್ಲೇ ತೂಕಡಿಕೆ. ಅಣ್ಣ ಮಾತಾಡುತ್ತಿದ್ದಾಗಲೇ ಬಾಯಿಗಿಟ್ಟ ತುತ್ತು ಹಾಗೇ ನಿಂತುಬಿಡುತ್ತಿತ್ತು.

“ಏಯ್ ಬೈಲೊ!” ಲಮರಾನ ಕಿರುಚುತ್ತಿದ್ದ. “ಊಟ ಮಾಡ್ತಿದೀಯಾ, ಸಾಯ್ತಿದೀಯಾ? ಹೆಂಡ್ತಿ ಮೆತ್ತಗೆ ಇಟ್ಟಿದಾಳೆ, ಅದಕ್ಕೇ ಈ ಸೋಮಾರಿತನ.”

ಮೆತ್ತಗೆ ಇಟ್ಟಿದ್ದೆನಂತೆ! ನೀರು ನನ್ನದು, ಸೌದೆ ನನ್ನದು, ಹಾಲು ಕರೆದು ಮೊಸರು ಮಾಡಿ ತಲೆಯ ಮೇಲೆ ಹೊತ್ತು ಸಂತೆಗೆ ಹೋಗುವುದು ನನ್ನದು. ಈಗ ರಾತ್ರಿ ಅವರು ಕತ್ತಲಲ್ಲಿ ಎಲ್ಲಿಗೆ ನಡೆದುಹೋಗುತ್ತಾರೋ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದೂ ನನ್ನದು. ಭಾವನ ಎದುರು ತುಟಿ ಬಿಚ್ಚುವಂತಿಲ್ಲ, ಪಾತ್ರೆ ಕುಕ್ಕಿ ಒಳಗೆ ಹೋದೆ.

ಆದರೂ ನನಗೆ ಅನುಮಾನ ಬರಲಿಲ್ಲ. ಏಕೆಂದರೆ ಸಂಜೆಯಾದರೆ ದನ ಸರಿಯಾಗಿ ಮನೆಗೆ ಬರುತ್ತಿದ್ದವು. ನಾವು ದನ ಎಣಿಸುವುದಿಲ್ಲ, ಎಣಿಸಿದರೆ ಬರಕತ್ತು ಹೋಗುತ್ತದೆ. ಮುಖ ನೋಡಿದರೆ ಯಾರು ಬಂದಿಲ್ಲ ಎಂದು ತಿಳಿಯುತ್ತದೆ. ಒಂದೂ ತಪ್ಪುತ್ತಿರಲಿಲ್ಲ. ಗದ್ದೆಯಲ್ಲಿ ಪೈರು ನಿಂತ ಕಾಲ, ಒಂದು ದನ ಬದು ದಾಟಿದರೂ ಸುಸು ಜನ ಕತ್ತಿ ಹಿಡಿದು ದಿಬ್ಬಕ್ಕೆ ಬರುತ್ತಾರೆ. ಯಾರೂ ಬರಲಿಲ್ಲ. ದನ ಸರಿಯಿದ್ದರೆ ಕಾಯುವವನೂ ಸರಿಯಿರಬೇಕಲ್ಲ.

ಒಂದು ಮಧ್ಯಾಹ್ನ ಅವರಿಗೆ ಅನ್ನ, ಹೊಗೆ ಹಾಕಿದ ಮೀನಿನ ಸಾರು ಹೊತ್ತುಕೊಂಡು ಬದುವಿನ ಮೇಲೆ ಹೋಗುತ್ತಿದ್ದೆ. ನಮ್ಮ ದಿಬ್ಬದ ಪಕ್ಕದ ಗದ್ದೆ ಮಬಿಂಟಿಯದು. ಬಾಯಿ ಜೋರು, ಮನಸ್ಸು ಒಳ್ಳೆಯದು. ಕಳೆ ಕೀಳುತ್ತಿದ್ದವಳು ಸೊಂಟ ನೆಟ್ಟಗೆ ಮಾಡಿದಳು.

“ಏ ದಲಂದಾ, ಯಾರಿಗೇ ಊಟ? ಗಂಡನಿಗೋ ಹಸುಗೋ? ನಿಮ್ಮ ಜನದಲ್ಲಿ ಮೊದಲು ಹಸುಗಲ್ವಾ?”

“ನಿನ್ನ ಗಂಡನಿಗೆ ಕಣೇ. ಮನೇಲಿ ಕೂಳು ಸಿಗದೆ ನಮ್ಮ ಗುಡಿಸಲ ಸುತ್ತ ಸುಳೀತಾ ಇದಾನೆ.”

“ಇಟ್ಕೋ ಇಟ್ಕೋ, ನನಗೊಂದು ಪೀಡೆ ಕಡಿಮೆ.” ನಕ್ಕಳು. ಆಮೇಲೆ ನಗು ನಿಲ್ಲಿಸಿ ಹತ್ತಿರ ಬಂದಳು. “ಒಂದ್ ಮಾತು ಹೇಳ್ತೀನಿ, ಸಿಟ್ಟಾಗ್ಬೇಡ. ಬೈಲೊ ದನ ಕಾಯ್ತಿಲ್ಲ. ದನಾನೇ ಅವನ್ನ ಕಾಯ್ತಿವೆ. ಈ ಮಳೆಗಾಲ ಪೂರ್ತಿ ನೋಡ್ತಿದೀನಿ. ಬಂದು ಬಿದ್ಕೋತಾನೆ, ಹೆಣ ಬಿದ್ದ ಹಾಗೆ. ಸಂಜೆ ಆ ಮುದಿ ಹಸು ಬಂದು ಮೂಸುತ್ತೆ, ಎದ್ದು ಅದರ ಬಾಲ ಹಿಡ್ಕೊಂಡು ಮನೆಗೆ ಬರ್ತಾನೆ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಏನಂತ ದೂರು ಹೇಳ್ಲಿ? ಒಂದು ತೆನೆ ಮುಟ್ಟಿಲ್ಲ ನಿಮ್ಮ ದನ.”

ಹೋಗಿ ನೋಡಿದೆ. ಕಾಂಡ್ಲಾ ಕಾಡಿನ ಅಂಚಿನಲ್ಲಿ, ಒದ್ದೆ ನೆಲದ ಮೇಲೆ, ಬಾಯಿ ತೆರೆದುಕೊಂಡು ಮಲಗಿದ್ದರು. ಮುಖದ ಮೇಲೆ ನೊಣ. ಸುತ್ತ ದನಗಳು ತಮ್ಮ ಪಾಡಿಗೆ ತಾವು ಮೇಯುತ್ತಿದ್ದವು. ವುನೆ ಗದ್ದೆಯ ಕಡೆ ಬೆನ್ನು ಹಾಕಿ ನಿಂತಿತ್ತು, ಉಳಿದವು ಅದನ್ನು ದಾಟುತ್ತಿರಲಿಲ್ಲ. ನನಗೆ ದನಗಳ ಮೇಲೆ ಮೈಯೆಲ್ಲ ಉರಿದುಹೋಯಿತು. ಇವು ಕೆಟ್ಟ ದನಗಳಾಗಿದ್ದಿದ್ದರೆ, ಒಂದು ಗದ್ದೆ ಹಾಳು ಮಾಡಿದ್ದಿದ್ದರೆ, ಒಂದು ಕಳೆದುಹೋಗಿದ್ದಿದ್ದರೆ, ಮೊದಲ ವಾರವೇ ಊರಿಗೆ ಗೊತ್ತಾಗುತ್ತಿತ್ತು. ಇವುಗಳ ಒಳ್ಳೆಯತನ ನನ್ನ ಗಂಡನ ರೋಗವನ್ನು ಮುಚ್ಚಿಟ್ಟಿತ್ತು. ಅಲ್ಲೇ ಕುಳಿತು ಅವರನ್ನು ಎಬ್ಬಿಸಿದೆ. ಕಣ್ಣು ಬಿಟ್ಟು, “ಒಂಚೂರು ಕಣ್ಣು ಹತ್ತಿತು” ಎಂದರು.

ಇದು ರೋಗವೇ ಎಂದು ನನಗೆ ಅನಿಸಿತು, ಲಮರಾನನಿಗೆ ಹೇಳಿದರೆ ಅವನು ಒಪ್ಪಲಿಲ್ಲ. ಯಾರದೋ ಕಣ್ಣು ಬಿದ್ದಿದೆ ಎಂದು ಮೌಲವಿಯಿಂದ ತಾಯತ ತಂದು ಕಟ್ಟಿದ. ತಾಯತ ಕಟ್ಟಿಸಿಕೊಂಡು ನಮ್ಮವರು ಇನ್ನೂ ಚೆನ್ನಾಗಿ ನಿದ್ದೆ ಮಾಡಿದರು.

ಮಳೆ ಇಳಿಯುವ ಹೊತ್ತಿಗೆ ಗುಡ್ಡದಿಂದ ನನ್ನ ಅವ್ವ ಕೆಸ್ಸೊ ಬಂದಳು. ಅಳಿಯ ಮತ್ತು ಅತ್ತೆಯ ನಡುವಿನ ನಾಚಿಕೆ ನಮ್ಮಲ್ಲಿ ಎಷ್ಟೆಂದರೆ, ಅತ್ತೆ ಕೂತ ಚಾಪೆಯ ಹತ್ತಿರ ಅಳಿಯ ಸುಳಿಯುವುದಿಲ್ಲ, ಅವಳ ಮುಖವನ್ನು ನೆಟ್ಟಗೆ ನೋಡುವುದಿಲ್ಲ. ಅವಳೆದುರು ತಿನ್ನುವುದಂತೂ ಸತ್ತರೂ ಇಲ್ಲ. ಮದುವೆಯಾದಾಗಿನಿಂದ ಅವ್ವ ಬಂದಾಗಲೆಲ್ಲ ಇವರು ಹಿಂಬಾಗಿಲಿನಿಂದ ಹೋಗಿ ಅಣ್ಣನ ಗುಡಿಸಲಿನಲ್ಲಿ ಉಣ್ಣುತ್ತಿದ್ದರು. ಅಂದು ನಾನು ಅವ್ವನಿಗೆ ಜೋಳದ ನುಚ್ಚು, ಮೊಸರು ಬಡಿಸಿದ್ದೆ. ಅಂಗಳದಲ್ಲಿ ಮಲಗಿದ್ದ ನಮ್ಮವರು ಎದ್ದು, ತೂರಾಡುತ್ತ ಬಂದು, ನೇರ ಅವ್ವನ ಚಾಪೆಯ ಮೇಲೆ ಕೂತರು.

“ಅತ್ತೆ, ನನಗೂ ಒಂಚೂರು ಕೊಡಿ. ಹಸಿವು” ಎಂದವರೇ ಅವ್ವನ ಬಟ್ಟಲಿಗೇ ಕೈ ಹಾಕಿದರು.

ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಬಾಗಿಲಲ್ಲಿದ್ದ ಲಮರಾನ ಅವಮಾನದಿಂದ ಮುಖ ಕಪ್ಪಿಟ್ಟು, ಕೋಲು ಎತ್ತಿದವನು ಹೊಡೆಯಲಾರದೆ ಹೊರಗೆ ನಡೆದ. ನಮ್ಮವರು ಮೀಸೆಗೆ ಮೊಸರು ಮೆತ್ತಿಕೊಂಡು, ಬಟ್ಟಲು ನೆಕ್ಕಿ, ಅಲ್ಲೇ ಅವ್ವನ ಕಾಲ ಬಳಿ ಮಗುವಿನಂತೆ ಮಲಗಿಬಿಟ್ಟರು.

ಬೈಯುತ್ತಾಳೆ, ಎದ್ದು ಹೊರಟುಹೋಗುತ್ತಾಳೆ ಎಂದುಕೊಂಡೆ. ಅವ್ವ ಸೆರಗು ಸರಿಸಿ ಹೇಳಿದಳು:

“ದಲಂದಾ, ಇದು ಸೋಮಾರಿತನ ಅಲ್ಲ, ಕಣ್ಣು ಬಿದ್ದಿದ್ದೂ ಅಲ್ಲ. ನಿನ್ನ ಗಂಡ ಹೊಟ್ಟೆಗಿಲ್ದೆ ಸತ್ತರೂ ನನ್ನೆದುರು ಬಾಯಿ ತೆರೆಯೋ ಮನುಷ್ಯ ಅಲ್ಲ. ಇವನೊಳಗಿಂದ ಇವನು ಹೊರಟು ಹೋಗ್ತಿದಾನೆ. ಹೋಗೋಕ್ ಮುಂಚೆ ಹಿಡ್ಕೋ.”

ಆರೋಗ್ಯ ಕೇಂದ್ರಕ್ಕೆ ಹೋಗೋಣ ಎಂದು ಮಾರನೆಯ ದಿನವೇ ಹಿಡಿದೆ. ಅವರು ಒಪ್ಪಬೇಕಲ್ಲ! ಕೈ ಹಿಡಿದು ಎಳೆದರೆ ಕೊಸರಿ ತಳ್ಳಿದರು. ಅಷ್ಟು ವರ್ಷದಲ್ಲಿ ನನ್ನ ಮೇಲೆ ಕೈ ಮಾಡಿದವರಲ್ಲ. “ದನ ಯಾರು ನೋಡ್ಕೋತಾರೆ? ನನಗೇನಾಗಿದೆ? ದನ ಎಲ್ಲೋ ನಾನಲ್ಲಿ” ಎಂದು ಕೂಗಾಡಿ, ಕೂಗುತ್ತಲೇ ನಿದ್ದೆ ಹೋದರು. ಎತ್ತಿಕೊಂಡು ಹೋಗಲು ಲಮರಾನ ಬರುವುದಿಲ್ಲ, ಅವಮಾನದ ಮೇಲೆ ಅವಮಾನ ಬೇಡ ಎಂದು ಬೆನ್ನು ತಿರುಗಿಸಿದ್ದ.

ದನ ಎಲ್ಲೋ ನಾನಲ್ಲಿ. ಸರಿ, ಹಾಗೇ ಆಗಲಿ ಎಂದುಕೊಂಡೆ.

ಮನೆಯಲ್ಲಿದ್ದ ಉಪ್ಪನ್ನೆಲ್ಲ ಬುಟ್ಟಿಗೆ ಸುರಿದುಕೊಂಡೆ. ಉಪ್ಪಿನ ವಾಸನೆ ಹಿಡಿದರೆ ನಮ್ಮ ದನ ಕೊಡುವವರನ್ನು ಬಿಟ್ಟು ಹೋಗುವುದಿಲ್ಲ. ವುನೆಗೆ ಒಂದು ಹಿಡಿ ನೆಕ್ಕಿಸಿ, ದಿನದ ದಾರಿ ಬಿಟ್ಟು ಆರೋಗ್ಯ ಕೇಂದ್ರದ ದಾರಿ ಹಿಡಿದೆ. ವುನೆ ನನ್ನ ಹಿಂದೆ, ಉಳಿದ ದನ ವುನೆಯ ಹಿಂದೆ, ಎಲ್ಲದರ ಹಿಂದೆ ಅರೆಗಣ್ಣು ಮುಚ್ಚಿಕೊಂಡು, ಕೋಲು ಊರಿಕೊಂಡು ನಮ್ಮವರು. ದನ ಎತ್ತ ಹೋಗುತ್ತಿದೆ ಎಂದು ಒಮ್ಮೆಯೂ ಕೇಳಲಿಲ್ಲ. ಗದ್ದೆಯ ಜನ ನಿಂತು ನೋಡಿದರು. ಫುಲಾನಿ ಹೆಂಗಸು ಮುಂದೆ ನಡೆದು ದನ ಹೊಡೆಯುವುದನ್ನು ಅವರು ಕಂಡಿರಲಿಲ್ಲ. ಮಬಿಂಟಿ ಮಾತ್ರ ಏನೂ ಕೇಳದೆ ಬಂದು, ದನ ಪೈರಿಗೆ ನುಗ್ಗದಂತೆ ಒಂದು ಬದಿಗೆ ಕೈ ಚಾಚಿಕೊಂಡು ಜೊತೆಗೆ ನಡೆದಳು.

ಕೇಂದ್ರದ ಅಂಗಳಕ್ಕೆ ದನ ನುಗ್ಗಿದಾಗ ಬಸುರಿ ಹೆಂಗಸರು ಬೆಂಚು ಬಿಟ್ಟು ಓಡಿದರು. ಒಂದು ಕರು ಒಗೆದು ಹಾಕಿದ್ದ ಬಿಳಿ ಕೋಟನ್ನು ಬಾಯಲ್ಲಿ ಹಿಡಿದಿತ್ತು. ಸೂಮಾ ಪೊರಕೆ ಹಿಡಿದು ಹೊರಗೆ ಬಂದಳು.

“ಯಾ ಅಲ್ಲಾ! ಇದು ಆಸ್ಪತ್ರೆ ಕಣಮ್ಮಾ, ಕೊಟ್ಟಿಗೆ ಅಲ್ಲ! ಯಾವ ದನಕ್ಕೆ ಹುಷಾರಿಲ್ಲ?”

“ಕಟ್ಟಕಡೆಗೆ ಬರ್ತಿದೆ ನೋಡಿ, ಅದಕ್ಕೆ” ಎಂದೆ.

ಸೂಮಾ ನಮ್ಮವರನ್ನು ನೋಡಿದಳು, ಪೊರಕೆ ಕೆಳಗಿಟ್ಟಳು. ಅವರ ಕುತ್ತಿಗೆಯ ಹಿಂಭಾಗಕ್ಕೆ ಬೆರಳಿಟ್ಟು ಸವರಿದಳು. ಕಡಲೆಕಾಯಿ ಗಾತ್ರದ ಗಂಟುಗಳಿದ್ದವು. ಎಷ್ಟು ಸಲ ಆ ತಲೆಗೆ ಎಣ್ಣೆ ಹಚ್ಚಿದ್ದೆ, ನನಗೆ ಅದು ದುಡಿದ ಮೈಯ ಗಂಟೆಂದೇ ಕಂಡಿತ್ತು. ಬೆರಳು ಚುಚ್ಚಿದರು, ಗಂಟಿನ ನೀರು ತೆಗೆದರು, ಬೆನ್ನಿನ ನೀರನ್ನೂ ತೆಗೆದರು. ಬೆನ್ನಿನ ನೀರಿನಲ್ಲೂ ಹುಳ ಸಿಕ್ಕಿತು.

“ಮಿದುಳಿಗೆ ಹತ್ತಿದೆ” ಎಂದಳು ಸೂಮಾ. “ಪಟ್ಟಣದ ದೊಡ್ಡಾಸ್ಪತ್ರೆಗೆ ಇವತ್ತೇ ಹೋಗ್ಬೇಕು. ಔಷಧಿ ಇದೆ. ಬದುಕಬಹುದು. ಮೊದಲಿನ ಹಾಗೆ ಆಗ್ತಾರೋ ಇಲ್ವೋ, ಅದು ಹೇಳೋಕಾಗಲ್ಲ.”

“ನಮ್ಮ ದನಕ್ಕೆ ಏನೂ ಆಗ್ಲಿಲ್ವಲ್ಲ? ಅದೇ ನೊಣ, ಅದೇ ಕಾಡು.”

“ದನದ ಹುಳ ಬೇರೆ, ಮನುಷ್ಯರದು ಬೇರೆ, ತಾಯಿ. ಹಾಲು ಕುಡಿದ್ರೆ ಆ ಶಕ್ತಿ ಬರಲ್ಲ.”

ದೋಣಿ ಹೊರಡುವ ಹೊತ್ತಿಗೆ ಸುದ್ದಿ ಕೇಳಿ ಲಮರಾನ ಓಡಿ ಬಂದ. ತಮ್ಮನನ್ನು ಹಗ್ಗದ ಮಂಚದ ಮೇಲೆ ಮಲಗಿಸಿದ್ದನ್ನು ಕಂಡು, “ಜೊತೆಗೆ ಯಾರು?” ಎಂದ.

“ನೀವು ಹೋಗಿ ಭಾವ. ನಿಮಗೆ ಪಟ್ಟಣದ ಭಾಷೆ ಬರುತ್ತೆ. ದನ ನಾನು ನೋಡ್ಕೋತೀನಿ.”

“ಹೆಂಗಸು ದನ ಕಾಯೋದಾ? ಗುಡ್ಡದ ಜನ ಏನಂತಾರೆ?”

“ಗುಡ್ಡದ ಜನ ಬಂದು ಕಾಯ್ಲಿ ಹಾಗಾದ್ರೆ!” ಭಾವನೆದುರು ನಾನು ದನಿ ಎತ್ತಿದ್ದು ಅದೇ ಮೊದಲು. ಅವನು ಅಂಗಿ ಮೇಲೆತ್ತಿ ದೋಣಿ ಹತ್ತಿದ. ತಮ್ಮನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡದ್ದು ದಡದಿಂದ ಕಾಣಿಸಿತು.

ಅಲ್ಲಿಂದಾಚೆಗಿನದು ಹೇಳಲು ನನಗೆ ಶಕ್ತಿಯಿಲ್ಲ, ಇದ್ದದ್ದನ್ನು ಹೇಳುತ್ತೇನೆ. ತೆನೆ ಬಲಿಯುವ ಕಾಲ, ದನಗಳಿಗೆ ಹಸಿರಿನ ವಾಸನೆ ಹತ್ತಿದೆ. ವುನೆ ನಮ್ಮವರ ಹತ್ತಿರ ತೋರಿಸಿದ ಒಳ್ಳೆಯತನವನ್ನು ನನ್ನ ಹತ್ತಿರ ತೋರಿಸಲಿಲ್ಲ. ಎರಡು ಸಲ ಬದು ದಾಟಿತು, ಎರಡು ಸಲವೂ ಮಬಿಂಟಿ ಬೈದು ಸುಮ್ಮನಾದಳು. ಬೆಳಿಗ್ಗೆ ಕರೆಯುವುದು, ಹಗಲೆಲ್ಲ ಕಾಯುವುದು, ಸಂಜೆ ನೊಣ ಓಡಿಸಲು ಹೊಗೆ ಹಾಕುವುದು, ಕರುಗಳನ್ನು ಕಟ್ಟುವುದು, ಆಮೇಲೆ ಅಕ್ಕಿ ಕುಟ್ಟುವುದು. ಅವ್ವ ಅಡುಗೆ ನೋಡಿಕೊಂಡಳು, ಅವಳ ಮೊಣಕಾಲಿಗೆ ಅಷ್ಟೇ ಆಗುತ್ತಿತ್ತು. ಗುಡ್ಡದ ದಾರಿಯಲ್ಲಿ ಹೋಗುವ ನಮ್ಮ ಜನ ನನ್ನನ್ನು ನೋಡಿ ಮುಖ ತಿರುಗಿಸುತ್ತಿದ್ದರು. ಒಬ್ಬ ಹುಡುಗಾಟಕ್ಕೆ “ಅಸ್ಸಲಾಮು ಅಲೈಕುಂ, ಅಣ್ಣಾ” ಎಂದ. “ವಾಲೈಕುಂ ಸಲಾಂ, ತಂಗೀ” ಎಂದೆ.

ಮೀನಿನ ದೋಣಿಯವರು ಸುದ್ದಿ ತರುತ್ತಿದ್ದರು. ಕೈಗೆ ಸೂಜಿ ಹಾಕಿ ಔಷಧಿ ಬಿಡುತ್ತಿದ್ದಾರೆ. ವಾಂತಿ. ಇಂದು ಎದ್ದು ಕೂತರು. ಅಣ್ಣನನ್ನು ಗುರುತಿಸಿದರು. ಅಣ್ಣ ತಾನೇ ಬಟ್ಟೆ ಒಗೆಯುತ್ತಾನೆ. ಇದನ್ನು ಕೇಳಿ ಅವ್ವ, “ಲಮರಾನನಾ? ಬಟ್ಟೆನಾ?” ಎಂದು ಕೇಳಿದ್ದನ್ನೇ ಮತ್ತೆ ಕೇಳಿದಳು.

ಕೊಯ್ಲು ಮುಗಿದ ಮೇಲೆ ಬಂದರು. ಬಟ್ಟೆ ನೇತುಹಾಕಿದ ಗೂಟದ ಹಾಗಿದ್ದರು. ದನಗಳ ಹತ್ತಿರ ಹೋಗಿ ಒಂದೊಂದರ ಮುಖ ನೋಡಿದರು. ನನ್ನ ಕಡೆ ನೋಡಲಿಲ್ಲ. ಮೊದಲಿನವರಾಗಿದ್ದಾರೋ ಇಲ್ಲವೋ ಎಂದು ನಾನು ಕಾದೆ. ಊಟದ ಹೊತ್ತಿಗೆ ಬಟ್ಟಲು ಇಟ್ಟೆ, ಕೈ ತೊಳೆದು ಕೂತರು. ಅಷ್ಟರಲ್ಲಿ ಗುಡಿಸಲಿನ ಒಳಗಿನಿಂದ ಅವ್ವ ಕೆಮ್ಮಿದಳು. ಅವಳು ಇಲ್ಲೇ ಇದ್ದಾಳೆಂದು ಅವರಿಗೆ ಗೊತ್ತಿರಲಿಲ್ಲ. ಬಟ್ಟಲು ಬಿಟ್ಟು, ಚಪ್ಪಲಿಯನ್ನೂ ಮೆಟ್ಟದೆ, ಬೇಲಿ ಹಾರಿ ಅಣ್ಣನ ಮನೆಯ ಹಿಂದಕ್ಕೆ ಓಡಿದರು!

ಅವ್ವ ಹೊರಗೆ ಬಂದು ಮುಟ್ಟದ ಬಟ್ಟಲನ್ನು ನೋಡಿದಳು. “ಬಂದ ನಿನ್ನ ಗಂಡ” ಎಂದಳು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತ ನನಗೆ ಅಳು ಬಂತು.

ಮಾರನೆಯ ದಿನ ಅವ್ವ ಗುಡ್ಡಕ್ಕೆ ಹೊರಟಳು. ಅವಳನ್ನು ದಾರಿಯ ತನಕ ಬಿಟ್ಟು ಬಂದು, ಸೋರೆಬುರುಡೆಯಲ್ಲಿ ಮೊಸರು ಕಡೆಯಲು ಕುಳಿತೆ. ಗುಡಿಸಲಿನ ನೆರಳು, ಬೆನ್ನಿಗೆ ಮಣ್ಣಿನ ಗೋಡೆ. ಇಷ್ಟೇ ನೆನಪು.

“ದಲಂದಾ! ದಲಂದಾ!”

ಯಾರೋ ಭುಜ ಹಿಡಿದು ಅಲುಗಿಸುತ್ತಿದ್ದರು. ನಮ್ಮವರು. ಮೊಸರು ನೆಲದ ಪಾಲಾಗಿ ಇರುವೆ ಮುತ್ತಿತ್ತು. ಅವರು ನನ್ನ ಹೆಸರನ್ನು ಯಾವತ್ತೂ ಕರೆದವರಲ್ಲ, “ಇಲ್ನೋಡು”, “ಕೇಳಿಸ್ತಾ”, ಅಷ್ಟೇ. ಏನೂ ಇಲ್ಲ, ಕಣ್ಣು ಹತ್ತಿತು ಎನ್ನಲು ಹೋದೆ. ನಾಲಿಗೆ ತೊದಲಿತು, ರೆಪ್ಪೆ ಮತ್ತೆ ಕೂಡಿತು. ಅವರು ನನ್ನನ್ನು ಎತ್ತಿ ಬೆನ್ನಿಗೆ ಹಾಕಿಕೊಂಡರು.

ಇನ್ನೂ ಮೈಯಲ್ಲಿ ತ್ರಾಣ ಬಂದಿಲ್ಲದ ಮನುಷ್ಯ. ಕೊಯ್ದ ಗದ್ದೆಯ ಕೂಳೆಗಳ ಮೇಲೆ ಎಡವುತ್ತ ಓಡಿದರು. “ಇಳಿಸಿ, ಜನ ನೋಡ್ತಾರೆ” ಎಂದೆ. ಕೇಳಿಸಿಕೊಳ್ಳಲಿಲ್ಲ.

“ಏನೋ ಬೈಲೊ, ಹೆಂಡ್ತೀನ ಎಲ್ಲಿಗೋ ಹೊತ್ಕೊಂಡು? ಮಾರೋಕಾ?” ಮಬಿಂಟಿ ಕೂಗಿದಳು. ಅವರ ಮುಖ ನೋಡಿ ದಾರಿ ಬಿಟ್ಟು ಸರಿದಳು. ಎಲ್ಲರೆದುರಿಗೆ ಅಳುತ್ತಿದ್ದರು. ಈ ಸಲ ನಾಚಿಕೆ ಬಿಡಿಸಿದ್ದು ರೋಗವಲ್ಲ.

ಸೂಮಾ ನನ್ನ ಕುತ್ತಿಗೆ ಸವರಿದಳು, ಬೆರಳು ಚುಚ್ಚಿದಳು, ರಕ್ತವನ್ನು ಔಷಧಿಗೆ ಬೆರೆಸಿ ಅಲ್ಲಾಡಿಸಿ ನೋಡಿದಳು. ನಮ್ಮವರು ಅವಳ ಕೈಯನ್ನೇ ನೋಡುತ್ತ ನಿಂತಿದ್ದರು.

“ಏನೂ ಇಲ್ಲ.”

“ಸರಿಯಾಗಿ ನೋಡಿ. ಹಾಡುಹಗಲು ನಿದ್ದೆ ಮಾಡ್ತಿದ್ಲು. ಎಬ್ಬಿಸಿದ್ರೂ ಏಳ್ಲಿಲ್ಲ.”

“ರೋಗ ಇಲ್ಲಪ್ಪಾ. ದಣಿದಿದಾಳೆ.”

“ದಣಿವಾ?” ಎಂದರು, ಆ ಮಾತನ್ನೇ ಹೊಸದಾಗಿ ಕೇಳಿದವರಂತೆ. “ಬರೀ ದಣಿವಾ?”

ಸೂಮಾ ನನ್ನ ಕಡೆ ತಿರುಗಿದಳು. “ಎಷ್ಟು ದಿನದಿಂದ ತಾಯಿ, ಈ ದಣಿವು?”

“ಮದುವೆ ಆದಾಗಿನಿಂದ” ಎಂದೆ.

ಸೂಮಾ ಗಟ್ಟಿಯಾಗಿ ನಕ್ಕಳು. ಬೆಂಚಿನ ಮೇಲಿದ್ದ ಹೆಂಗಸರೂ ನಕ್ಕರು. ನಮ್ಮವರು ನಗಲಿಲ್ಲ. ಒಂದು ಚಾಪೆ ಕೇಳಿ ತಂದು ಗೋಡೆಯ ಪಕ್ಕ ಹಾಸಿದರು. ಪಕ್ಕದಲ್ಲಿ ಕೂತು ಹುಲ್ಲಿನ ಟೋಪಿಯಿಂದ ನನ್ನ ಮುಖಕ್ಕೆ ಗಾಳಿ ಹಾಕಿದರು. ಬಿಸಿಲು ವಾಲುತ್ತಿತ್ತು.

“ದನ ಮನೆಗೆ ಬರೋ ಹೊತ್ತಾಯ್ತು” ಎಂದೆ. “ನೀವು ಹೋಗಿ.”

“ಬಂದ್ರೆ ಬರ್ಲಿ, ಇಲ್ದಿದ್ರೆ ಇಲ್ಲ” ಎಂದರು. “ನೀನು ಮಲಗು.”

ನಾನು ಮಲಗಿದೆ.